ಬಿಳಿ ಮೊಟ್ಟೆಯ ಕಾವಲು

ಅಪ್ಪನಿಗೆ ಕಿರಿಮಗಳ ನಮಸ್ಕಾರ.

ಮೀನಿಗೆ ಜ್ವರ ನೋಡುವುದೂ ಒಂದು ಕೆಲಸವೇ ಎಂದು ನಗುತ್ತಿದ್ದಿರಲ್ಲ, ಅದನ್ನೂ ನಾನು ಕೆಡಿಸಿದೆ. ಈ ಹೊಳೆಯಲ್ಲಿ ಈ ಜಾತಿಯ ಮೀನು ಉಳಿದಿರುವುದು ನಲವತ್ತೂ ಇಲ್ಲ. ನೀರು ಇಪ್ಪತ್ತು ಡಿಗ್ರಿ ಮುಟ್ಟದೆ ಅವು ಮೊಟ್ಟೆ ಇಡುವುದಿಲ್ಲ. ಅಣೆಕಟ್ಟಿನವರು ಬಿಡುವುದೋ ತಳದ ತಣ್ಣೀರು. ಮೇಲಿನ ಗೇಟು ತೆರೆದು ಬೆಚ್ಚಗಿನ ನೀರು ಬಿಡಿ ಎಂದು ಕಾಡಿ ಬೇಡಿ, ಆರು ದಿನಕ್ಕೆ ಅರ್ಜಿ ಬರೆದವಳು ನಾನೇ. ಬೆಚ್ಚಗಿನ ನೀರು ಬಿಟ್ಟ ಐದನೆಯ ದಿನ ಕಲ್ಲಿನ ಸಂದಿಯಲ್ಲಿ ಮೊಟ್ಟೆ ಕಂಡು ಕುಣಿದಾಡಿದೆ. ಅವು ಮರಿಯಾಗಲು ಇನ್ನೂ ಎಂಟು ದಿನ ಬೇಕೆಂದು ಅರ್ಜಿಯಲ್ಲಿ ಬರೆದೇ ಇರಲಿಲ್ಲ. ಏಳನೆಯ ದಿನ ತಳದ ಗೇಟು ತೆರೆದರು. ಅಣೆಕಟ್ಟಿನ ಕಚೇರಿಗೆ ಓಡಿಹೋದೆ, ಕಾಲು ಹಿಡಿಯುವುದೊಂದು ಬಾಕಿ ಇತ್ತು.

"ಆರು ದಿನ ಅಂತ ನೀವೇ ತಾನೆ ಬರೆದುಕೊಟ್ಟಿದ್ದು? ಇದು ಕರೆಂಟ್ ಮಾಡೋ ಜಾಗ ಕಣ್ರೀ, ಮೀನಿನ ಹೆರಿಗೆ ಆಸ್ಪತ್ರೆ ಅಲ್ಲ" ಅಂದರು ಎಂಜಿನಿಯರು.

ಸಂಜೆಗೆ ನೀರು ಹನ್ನೆರಡು ಡಿಗ್ರಿಗೆ ಇಳಿಯಿತು. ಮಾರನೆಯ ದಿನ ಮೊಟ್ಟೆಯೆಲ್ಲ ಸುಣ್ಣದಂತೆ ಬೆಳ್ಳಗಾಗಿತ್ತು.

ನನ್ನ ಕೆಮ್ಮು ಕಡಿಮೆಯಾಗಿದೆ. ನೀವು ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ಈ ಜಾತಿಯಲ್ಲಿ ಮೊಟ್ಟೆ ಕಾಯುವುದು ಅಪ್ಪ ಮೀನು. ಮೂರು ದಿನವಾಯಿತು, ಸತ್ತ ಮೊಟ್ಟೆಗಳ ಮೇಲೆ ರೆಕ್ಕೆ ಬೀಸುತ್ತಲೇ ಇದೆ. ಇವತ್ತು ಥರ್ಮಾಮೀಟರ್ ಇಳಿಸಿದಾಗ ನನ್ನ ಕೈ ಕಚ್ಚಲು ಬಂತು. ನಾನು ಕೈ ತೆಗೆಯಲಿಲ್ಲ.

ಕಾರ್ಡು ತುಂಬಿತು.

ನಿಮ್ಮ ಪುಟ್ಟಿ