ಕೆಮ್ಮುವವಳಿಗೂ ಓಡಲು ಬಿಡಿ

ಮಾನ್ಯ ಕ್ರೀಡಾಂಗಣಾಧಿಕಾರಿಗಳೇ,

ನಿಮ್ಮ ಓಟದ ಹಾದಿಯ ಗೇಟಿನಲ್ಲಿ ‘ಕೆಮ್ಮು ಇರುವವರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು ನೇತಾಡುತ್ತಿದೆ. ಅದು ಸಾರ್ವಜನಿಕರ ಹಿತಕ್ಕಾಗಿ ಎಂದಿರಿ. ಅದು ನನ್ನೊಬ್ಬಳಿಗಾಗಿ ಹಾಕಿದ್ದು ಎಂದು ನಿಮಗೂ ಗೊತ್ತು, ನನಗೂ ಗೊತ್ತು, ಗೇಟು ಕಾಯುವವರಿಗಂತೂ ಚೆನ್ನಾಗಿ ಗೊತ್ತು. ಒಬ್ಬ ಹೆಂಗಸನ್ನು ಹೊರಗಿಡಲು ಅಷ್ಟು ದೊಡ್ಡ ಅಕ್ಷರಗಳು ಬೇಕಿತ್ತೇ?

ನಾನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಹೇಳುವವಳು. ಹುಟ್ಟಿನಿಂದಲೇ ನನಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆ. ಅಪ್ಪ ಅಮ್ಮ ಇಬ್ಬರಿಂದಲೂ ಬಳುವಳಿಯಾಗಿ ಬಂದದ್ದು. ಕೆಮ್ಮಿದರೆ ನಿಮಗೆ ಅಂಟುವಂಥದ್ದಲ್ಲ. ನಿಮ್ಮ ಎದೆಯಲ್ಲಿ ಸಲೀಸಾಗಿ ಜಾರಿ ಹೋಗುವ ಕಫ ನನ್ನ ಎದೆಯಲ್ಲಿ ಗೋಂದಿನಂತೆ ಕೂತುಬಿಡುತ್ತದೆ, ಕೂತಲ್ಲೇ ಸೋಂಕು ಬೆಳೆಯುತ್ತದೆ. ನಾನು ಮಗುವಾಗಿದ್ದಾಗ ಅಮ್ಮ ಮಡಿಲಲ್ಲಿ ಬೋರಲು ಮಲಗಿಸಿಕೊಂಡು ಬೆನ್ನು ತಟ್ಟಿ ಅದನ್ನು ಸಡಿಲಿಸುತ್ತಿದ್ದಳು. ಮುತ್ತಿಟ್ಟರೆ ಅವಳ ತುಟಿಗೆ ಉಪ್ಪು ಹತ್ತುತ್ತಿತ್ತಂತೆ; ಈ ಕಾಯಿಲೆಯವರ ಬೆವರು ಅಷ್ಟು ಉಪ್ಪು. ಸ್ವಲ್ಪ ದೊಡ್ಡವಳಾದ ಮೇಲೆ ಡಾಕ್ಟರಮ್ಮ ಅಪ್ಪನಿಗೆ ಹೇಳಿದರು: “ಇವಳನ್ನ ಮುಚ್ಚಿಟ್ಟು ಸಾಕಬೇಡಿ. ಓಡಿಸಿ. ಏದುಸಿರು ಬರಲಿ, ಕೆಮ್ಮಲಿ. ಕೆಮ್ಮಿದಷ್ಟೂ ಎದೆ ಖಾಲಿ ಆಗುತ್ತೆ.”

ಅಪ್ಪ ಬಸ್ ಡ್ರೈವರು. ಡ್ಯೂಟಿ ಮುಗಿಸಿ, ಖಾಕಿ ಬದಲಿಸುವಷ್ಟೂ ವ್ಯವಧಾನವಿಲ್ಲದೆ ನನ್ನ ಜೊತೆ ಓಡುತ್ತಿದ್ದರು. ಕ್ಲಚ್ಚು ಒತ್ತಿ ಒತ್ತಿ ಅವರ ಎಡ ಮಂಡಿ ಸವೆಯಿತು. ಆಮೇಲೆ ನಾನೊಬ್ಬಳೇ ಓಡಿದೆ. ನಿಮ್ಮ ಹಾದಿಯಲ್ಲೇ, ವರ್ಷಗಟ್ಟಲೆ, ತಿರುವಿನಲ್ಲಿ ನಿಂತು ಕರ್ಚೀಫಿಗೆ ಕೆಮ್ಮಿಕೊಂಡು.

ಯಾರೋ ಅಸಹ್ಯಪಟ್ಟು ದೂರು ಕೊಟ್ಟರು. ನೀವು ಕರೆಸಿದಿರಿ. ಕುರ್ಚಿ ಖಾಲಿಯಿತ್ತು, ಕೂರಿ ಎನ್ನಲಿಲ್ಲ.

“ಏನಮ್ಮಾ, ಹುಷಾರಿಲ್ಲ ಅಂದ್ರೆ ಮನೇಲಿ ಮಲಗಬಾರದಾ?”

“ಮಲಗಿದ್ರೆ ಉಸಿರು ಹೋಗುತ್ತೆ ಸಾರ್. ಅದಕ್ಕೇ ಓಡ್ತೀನಿ.”

“ಹಾಗೆಲ್ಲ ಕೆಟ್ಟ ಮಾತಾಡಬೇಡಿ. ಬಂದವರಿಗೆ ಮುಜುಗರ ಆಗುತ್ತೆ, ಅಷ್ಟೇ.”

ಡಾಕ್ಟರಮ್ಮ ಬರೆದುಕೊಟ್ಟದ್ದನ್ನು ಮುಂದಿಟ್ಟೆ. ನೀವದನ್ನು ಪೆನ್ನಿನ ತುದಿಯಿಂದ ನನ್ನ ಕಡೆಗೇ ತಳ್ಳಿದಿರಿ. ಸ್ವಾಮಿ, ಹೆದರಬೇಕಾದವಳು ನಾನು! ನಿಮಗೆ ಎರಡು ದಿನದ ನೆಗಡಿಯಾದದ್ದು ನನಗೆ ಎರಡು ವಾರದ ಆಸ್ಪತ್ರೆಯಾಗುತ್ತದೆ. ಜೀವಮಾನವಿಡೀ ಪರರ ಸೀನಿಗೆ ಹೆದರಿ ದೂರ ಸರಿದವಳಿಗೆ ‘ನಿನ್ನಿಂದ ಅಪಾಯ’ ಎಂದು ಬೋರ್ಡು ಹಾಕಿದ ನಿಮ್ಮ ವೈದ್ಯಕೀಯ ಪಾಂಡಿತ್ಯಕ್ಕೆ ಏನೆನ್ನಲಿ?

ಬೋರ್ಡು ಹಾಕಿದ ಮೇಲೆ ಓಟದ ಬದಲು ಮನೆಯ ಮೆಟ್ಟಿಲುಗಳನ್ನೇ ಹತ್ತಿ ಇಳಿದೆ. ಕೆಳಗಿನ ಮನೆಯ ಅಜ್ಜಿ ಬಾಗಿಲು ತೆರೆದು, “ನಿನ್ನ ಕಷ್ಟ ಗೊತ್ತು ಮಗಳೇ, ಆದ್ರೆ ನನ್ನ ತಲೆ ಮೇಲೇ ಗೂಟ ಹೊಡೆದ ಹಾಗಾಗುತ್ತೆ” ಎಂದರು. ಅವರದೂ ತಪ್ಪಲ್ಲ. ರಸ್ತೆಗಿಳಿದರೆ ಹೊಗೆ. ಕೊನೆಗೆ ಸುಸ್ತಾಗಿ ಬಿಟ್ಟುಬಿಟ್ಟೆ. ಹಟ ಮಾಡಲೂ ಉಸಿರು ಬೇಕಲ್ಲ.

ಓಟ ಬಿಟ್ಟದ್ದರ ಫಲ ಮೊದಲು ಗೊತ್ತಾಗಿದ್ದು ಮೈಕಿನ ಮುಂದೆ. ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ಮಾತು ನಡುವೆ ತುಂಡಾಗತೊಡಗಿತು. ಒಂದು ದಿನ ಊರಿನ ಹೆಸರು ಬಾಯಿಗೆ ಬರುವ ಮೊದಲೇ ದಮ್ಮು ಮುಗಿಯಿತು. ಗಂಟು ಮೂಟೆ ಹೊತ್ತ ಹೆಂಗಸೊಬ್ಬಳು ಕಿಟಕಿಗೆ ಬಂದು, “ಎಲ್ಲಿಗೆ ಹೋಗೋ ಬಸ್ಸು ಅಂತ ಪೂರ್ತಿ ಹೇಳ್ರೀ!” ಎಂದು ರೇಗಿದಳು. ಹೇಳಲಾಗಲಿಲ್ಲ. ಆ ವಾರವೇ ಆಸ್ಪತ್ರೆ ಸೇರಿದೆ. ಕೈಗೆ ಸೂಜಿ, ಮೂಗಿಗೆ ಆಮ್ಲಜನಕ. “ಹೋದ ಶಕ್ತಿ ಪೂರ್ತಿ ವಾಪಸ್ ಬರಲ್ಲ. ಉಳಿದಿರೋದನ್ನ ಕಾಪಾಡ್ಕೋ,” ಎಂದರು ಡಾಕ್ಟರಮ್ಮ.

ಒಂದು ಬೆಳಿಗ್ಗೆ ಅಪ್ಪ ಕುಂಟುತ್ತಾ ವಾರ್ಡಿಗೆ ಬಂದರು. ಅಂಗಿಯೆಲ್ಲ ಬೆವರು.

“ಎಲ್ಲಿಗೆ ಹೋಗಿದ್ರಿ ಅಪ್ಪಾ?”

“ಗ್ರೌಂಡಿಗೆ. ಒಂದು ಸುತ್ತು ಹಾಕಿ ಬಂದೆ.”

“ಆ ಮಂಡಿ ಇಟ್ಕೊಂಡು?”

“ಸುತ್ತಿನುದ್ದಕ್ಕೂ ಬೇಕು ಅಂತಲೇ ಕೆಮ್ಮಿದೆ ಕಣೆ, ಗಂಟಲು ಕಿತ್ತು ಬರೋ ಹಾಗೆ. ಗೇಟಿನೋರ ಎದುರಿಗೆ ನಿಂತೂ ಕೆಮ್ಮಿದೆ. ‘ಬೀಡಿ ಬಿಡಿ ಯಜಮಾನ್ರೇ’ ಅಂತ ನಕ್ಕರು. ಒಬ್ಬರು ನೀರು ಕೊಟ್ಟರು.”

ಹೇಳುತ್ತಾ ನಗಲು ಹೋದರು. ಆಗಲಿಲ್ಲ, ಮುಖ ಆಚೆ ತಿರುಗಿಸಿ ಮಂಡಿ ನೀವಿಕೊಳ್ಳುತ್ತಾ ಕೂತರು. ನಾನು ಹುಟ್ಟಿದ ವರ್ಷವೇ ಬೀಡಿ ಬಿಟ್ಟವರು ಅವರು.

ಈಗ ಹೇಳಿ, ಮಾನ್ಯರೇ. ಮುದುಕರ ಕೆಮ್ಮಿಗೆ ನೀರು, ನನ್ನ ಕೆಮ್ಮಿಗೆ ಬೋರ್ಡು; ಇದು ಯಾವ ಹಿತ? ನನಗೆ ಕನಿಕರ ಬೇಡ, ನನ್ನೊಬ್ಬಳಿಗೆ ವಿಶೇಷ ರಿಯಾಯಿತಿಯೂ ಬೇಡ. ಆ ಬೋರ್ಡನ್ನು ಇಳಿಸಿ. ಕೆಮ್ಮುವ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು ನಿಮ್ಮ ಸಿಬ್ಬಂದಿಗೆ ಆದೇಶ ಕೊಡಿ. ಕಾನೂನು, ಕೋರ್ಟು ಎಂದು ಗದರಿಸುವ ತ್ರಾಣ ನನಗಿಲ್ಲ. ಇರುವಷ್ಟನ್ನು ಬೇರೆಯದಕ್ಕೆ ಎತ್ತಿಟ್ಟಿದ್ದೇನೆ.

ಆಸ್ಪತ್ರೆಯಿಂದ ಮನೆಗೆ ಬಂದಿದ್ದೇನೆ. ಸೋಮವಾರ ಬೆಳಿಗ್ಗೆ ಬರುತ್ತೇನೆ. ಮೊದಲಿನಂತೆ ಓಡಲಾರೆ. ನಡೆಯುತ್ತೇನೆ, ನಿಲ್ಲುತ್ತೇನೆ, ಕೆಮ್ಮುತ್ತೇನೆ, ಮತ್ತೆ ನಡೆಯುತ್ತೇನೆ. ಆಗ ಯಾರೂ ನನ್ನನ್ನು ಮನೆಗೆ ಕಳಿಸಲು ಬರದಿರಲಿ. ನಾನು ಬದುಕುವ ಕೆಲಸದಲ್ಲಿರುತ್ತೇನೆ.

ಇಂತಿ,
ಓಡಿದ್ದಕ್ಕಿಂತ ವಿವರಿಸಿಯೇ ಹೆಚ್ಚು ದಣಿದವಳು