ಇಪ್ಪತ್ತೇಳು ಇಂಚಿನ ಸೀಟು

ಅಕ್ಟೋಬರ್ 25, ಶನಿವಾರ

ಹಿಂದಿನ ಸೀಟು ಮಡಚಿದೆ. ಬಿಚ್ಚಿದೆ. ಮತ್ತೆ ಮಡಚಿದೆ. ಹೊಡೆದ ಜಿಂಕೆಯನ್ನು ಹಾಕಿ ಎಳೆಯುವ ಪ್ಲಾಸ್ಟಿಕ್ ಜಾರುಬಂಡಿಯನ್ನು ಓರೆಯಾಗಿ ಇಟ್ಟರೆ ಮಾತ್ರ ಹಿಡಿಸುತ್ತದೆ. ಅಳತೆಗೆ ಹೆಂಡತಿಯನ್ನೇ ಮಲಗಿಸಿ ನೋಡೋಣ ಅನ್ನಿಸಿತು. ಕೇಳಿದೆ. ಜೋಲೀನ್ ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ನಾನೇ ಮಲಗಿದೆ. ಮಂಡಿ ಮಡಚಿದರೆ ಸಾಕು. ಜಿಂಕೆಗೂ ಮಂಡಿ ಇದೆ.

ಹಳೇ ಪಿಕಪ್ಪು ಹೋದ ತಿಂಗಳು ಹೋಯಿತು. ಹದಿನಾಲ್ಕು ಚಳಿಗಾಲ ರಸ್ತೆಯ ಉಪ್ಪು ತಿಂದು ಚಾಸಿ ಪೂರ್ತಿ ತುಕ್ಕು. ಮೆಕ್ಯಾನಿಕ್ ಸ್ಕ್ರೂಡ್ರೈವರಿನಲ್ಲಿ ಚುಚ್ಚಿ ತೋರಿಸಿದ... ನೆನೆದ ಬಿಸ್ಕತ್ತು. ಬದಲಿಗೆ ಬಂದದ್ದು ಈ ಸಣ್ಣ ಎಸ್‌ಯುವಿ. ಎಂಟು ವರ್ಷದ ಹಳತು. ಬದನೆಕಾಯಿ ಬಣ್ಣ.

ಭಾವಮೈದ ಕರ್ಟ್ ಬಂದು ಪ್ರದಕ್ಷಿಣೆ ಹಾಕಿದ. ಅವನದು ಏಣಿ ಇಟ್ಟು ಹತ್ತುವಂಥ ಟ್ರಕ್ಕು.

"ಇದ್ರಲ್ಲಿ ಜಿಂಕೆ ಹಾಕ್ಕೊಂಡು ಬರ್ತೀಯೋ, ಇಲ್ಲಾ ಜಿಂಕೆ ಮರೀನ ಸ್ಕೂಲಿಗೆ ಬಿಟ್ಟು ಬರ್ತೀಯೋ, ಗ್ಯಾರಿ?"

ಗಿರಿಯಪ್ಪ ಗ್ಯಾರಿಯಾಗಿ ಹತ್ತೊಂಬತ್ತು ವರ್ಷ. ಈಗ ಟ್ರಕ್ಕಿಲ್ಲದ ಗ್ಯಾರಿ. ವಿಸ್ಕಾನ್ಸಿನ್ನಿನ ಈ ಮೂಲೆಯಲ್ಲಿ ಅದು ಪಂಚೆ ಇಲ್ಲದೆ ಮದುವೆಗೆ ಹೋದ ಹಾಗೆ.

ನನ್ನ ಟ್ರಕ್ಕಿಗೆ ತುಕ್ಕು,
ಅವನ ಟ್ರಕ್ಕಿಗೆ ಸೊಕ್ಕು.

ಎರಡೇ ಸಾಲು. ಮೂರನೆಯದಕ್ಕೂ ಪ್ರಾಸ ಸಿಕ್ಕಿದೆ. ಸಂಬಂಧ ಕೆಡುತ್ತದೆ.

ನವೆಂಬರ್ 2, ಭಾನುವಾರ

ಅತ್ತೆ-ಮಾವನ ಮನೆಯಲ್ಲಿ ಊಟ. ಹುರಿದ ಹಂದಿ, ಆಲೂಗಡ್ಡೆ, ಹುಳಿ ಬಂದ ಎಲೆಕೋಸು. ಎಲ್ಲ ಬೆಂದಿತ್ತು, ಮಾತೊಂದು ಬಿಟ್ಟು.

ಮಾವ ನಾರ್ಬರ್ಟ್‌ಗೆ ಎಪ್ಪತ್ತೊಂಬತ್ತು. ಆಗಸ್ಟಿನಲ್ಲಿ ಬಲಸೊಂಟದ ಕೀಲು ಹೊಸದು ಹಾಕಿಸಿಕೊಂಡರು. ಹನ್ನೆರಡನೇ ವಯಸ್ಸಿನಿಂದ ಒಂದು ವರ್ಷವೂ ತಪ್ಪದೆ ಜಿಂಕೆ ಬೇಟೆಗೆ ಹೋದವರು. ವರ್ಷಕ್ಕೆ ಬಂದೂಕಿನ ಬೇಟೆ ಒಂಬತ್ತೇ ದಿನ. ಈ ಸಲ ಇಪ್ಪತ್ತೆರಡಕ್ಕೆ ಶುರು.

ಮೊನ್ನೆ ಗುರುವಾರ ತಾಲೀಮು ನಡೆದಿತ್ತು. ಕರ್ಟ್‌ನ ಟ್ರಕ್ಕು, ಕೆಳಗೆ ಸ್ಟೂಲು, ಹಿಂದಿನಿಂದ ಕರ್ಟ್, ಮುಂದಿನಿಂದ ನಾನು. ಸ್ಟೂಲಿನ ಮೇಲೆ ಕಾಲು ಜಾರಿ ಮಾವ ಒದ್ದೆ ಎಲೆಗಳ ಮೇಲೆ ಮೆಲ್ಲಗೆ ಕೂತುಬಿಟ್ಟರು. ಏನೂ ಆಗಲಿಲ್ಲ. ಆದರೆ ಅಡುಗೆಮನೆ ಕಿಟಕಿಯಲ್ಲಿ ಅತ್ತೆ ಲವೋನ್ ನಿಂತಿದ್ದರು.

ಇವತ್ತು ಊಟದ ನಡುವೆ ಅತ್ತೆಯ ತೀರ್ಪು ಬಂತು. ಈ ವರ್ಷ ಇಲ್ಲ. ಮುಂದಿನ ವರ್ಷ ಹೋದರಾಯಿತು ಬಿಡಪ್ಪಾ ಎಂದು ಕರ್ಟ್ ಸಮಾಧಾನ ಹೇಳಿದ. ಮಾವ ಆಲೂಗಡ್ಡೆಯನ್ನು ನಾಲ್ಕು ಮಾಡಿದರು, ಎಂಟು ಮಾಡಿದರು, ಹದಿನಾರು ಮಾಡಿ ತಿನ್ನದೆ ಬಿಟ್ಟರು.

ಹೊರಡುವಾಗ ಕೋಲೂರಿಕೊಂಡು ನನ್ನ ಗಾಡಿಯವರೆಗೆ ಬಂದರು. ಬೀಳ್ಕೊಡುವ ಅಭ್ಯಾಸ ಅವರಿಗಿಲ್ಲ. ಬಾಗಿಲು ತೆಗೆದರು. ಬೆನ್ನು ತಿರುಗಿಸಿದರು. ಹಿಂದಕ್ಕೆ ಕೂತರು. ಎರಡೂ ಕಾಲು ಒಂದೊಂದಾಗಿ ಒಳಗೆ ತಂದುಕೊಂಡರು... ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ. ಯಾರೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಮುಂದಿನ ಗಾಜು ನೋಡುತ್ತಾ ಕೂತರು.

"ಹೀಟರ್ ಪರವಾಗಿಲ್ವೇನಪ್ಪಾ ಇದ್ರದ್ದು?"

ಪರವಾಗಿಲ್ಲ ಅಂದೆ. ಕಿಟಕಿಯಲ್ಲಿ ಅತ್ತೆ.

ನವೆಂಬರ್ 4, ಮಂಗಳವಾರ

ಚೀಸ್ ಕಾರ್ಖಾನೆಯ ಲ್ಯಾಬಿನಿಂದ ಬರುವಷ್ಟರಲ್ಲಿ ನಮ್ಮ ಅಂಗಳದಲ್ಲಿ ಅತ್ತೆ. ಕೊರಳಲ್ಲಿ ಬಟ್ಟೆ ಹೊಲಿಯುವ ಟೇಪು. ಕೈಯಲ್ಲಿ ಹಳೇ ಲಕೋಟೆ, ಅದರ ಮೇಲೆ ಅಂಕಿಗಳು. ಕರ್ಟ್‌ನ ಟ್ರಕ್ಕಿನ ಸೀಟು ನೆಲದಿಂದ ಮೂವತ್ತೇಳು ಇಂಚು. ಅವರ ಸ್ವಂತ ಕಾರು ಇಪ್ಪತ್ತು. ಒಂದು ತೀರಾ ಎತ್ತರ, ಇನ್ನೊಂದರಲ್ಲಿ ಕೂತರೆ ಕೀಲು ಮಡಚಬಾರದಷ್ಟು ಮಡಚುತ್ತದೆ. ನನ್ನದನ್ನು ಮೂರು ಸಲ ಅಳೆದರು. ಇಪ್ಪತ್ತೇಳು.

ಮೂವತ್ತೇಳು ಗೋಳು,
ಇಪ್ಪತ್ತೇಳು ಬಾಳು.

ಅತ್ತೆಗೆ ಇದನ್ನು ಹೇಳಲಾರೆ. ಅವರ ಭಾಷೆಗೆ ತಂದರೆ ಬರೀ ಲೆಕ್ಕವಾಗುತ್ತದೆ.

ಷರತ್ತು ಹಾಕಿದರು. ಮಾವ ನನ್ನ ಗಾಡಿಯಲ್ಲಿ ಬೇಟೆಗೆ ಹೋಗಬಹುದು, ಮೊದಲ ದಿನ ಮಾತ್ರ. ಮರದ ಮೇಲಿನ ಅಟ್ಟ ಹತ್ತುವಂತಿಲ್ಲ, ನೆಲದ ಮೇಲೆ ಕುರ್ಚಿ. ನಾನು ಕೂಗಳತೆಯಲ್ಲಿರಬೇಕು. ಹತ್ತು ಗಂಟೆಗೆ ಮನೆ. ಕೊನೆಯದು, ಮುಖ್ಯವಾದದ್ದು: ಮಾವ ಗಾಡಿಗೆ ಹತ್ತುವುದೂ ಇಳಿಯುವುದೂ ತಮ್ಮ ಕಾಲಲ್ಲೇ.

"ನೀನು ಕೈ ಹಿಡಿದು ಇಳಿಸಿದ್ದು ನನ್ನ ಕಣ್ಣಿಗೆ ಬಿತ್ತೋ, ಆವತ್ತಿಗೆ ಬಂದೂಕು ಕರ್ಟ್ ಮನೆಗೆ ಹೋಗತ್ತೆ. ಆಮೇಲೆ ಅದರ ಮಾತೇ ಇಲ್ಲ."

ದನಿ ಏರಿಸಲಿಲ್ಲ. ಟೇಪು ಸುತ್ತಿಕೊಂಡು ಹೋದರು.

ಅಂದರೆ ಈ ಸಲ ನನ್ನ ಬೇಟೆ ಇಲ್ಲ. ಜೋಲೀನ್‌ಗೆ ಹೇಳಿದೆ. ನಾಲ್ಕು ವರ್ಷಕ್ಕೊಂದು ಹೊಡೆಯುವವನು ಬರದಿದ್ದರೆ ಜಿಂಕೆಗಳಿಗೆ ಗೊತ್ತೂ ಆಗುವುದಿಲ್ಲ ಅಂದಳು.

ನವೆಂಬರ್ 16, ಭಾನುವಾರ

ಮಾವನ ನಲವತ್ತು ಎಕರೆ ಕಾಡಿಗೆ ಹೋಗಿ ಬಂದೆ. ಗೇಟಿನಿಂದ ಅರ್ಧ ಮೈಲಿ ಒಳಗೆ ಹಳೇ ಮರ ಸಾಗಿಸುವ ದಾರಿ. ಎರಡೂ ಕಡೆ ಗಿಡ ಒತ್ತಿಕೊಂಡು ಬಂದಿವೆ. ಕರ್ಟ್‌ನ ಟ್ರಕ್ಕು ಈಗ ತೂರುವುದಿಲ್ಲ. ನನ್ನ ಬದನೆಕಾಯಿ ಕನ್ನಡಿ ಮಡಚಿಕೊಂಡು ಹೋಯಿತು. ತುದಿಯಲ್ಲಿ ಅಡಗಿ ಕೂರುವ ಮರೆಗುಡಾರ ಹಾಕಿ, ಅತ್ತೆ ಅಳೆದು ಕೊಟ್ಟ ಕುರ್ಚಿ ಇಟ್ಟೆ. ಕುರ್ಚಿಯ ಕಾಲಿಗೂ ಲಕೋಟೆಯ ತುಂಡು ಅಂಟಿಸಿದ್ದಾರೆ. ಇಪ್ಪತ್ತೊಂದು.

ಮಾವನಿಂದ ದಿನಕ್ಕೆ ಎರಡು ಸಲ ಫೋನ್. ಗಾಳಿ ಯಾವ ಕಡೆ ಎಂದು ಕೇಳುತ್ತಾರೆ. ಊರೊಳಗಿನ ಗಾಳಿ ಅವರಿಗೂ ಬೀಸುತ್ತದೆ. ಆದರೂ ಹೇಳುತ್ತೇನೆ.

ನವೆಂಬರ್ 22, ಶನಿವಾರ, ಮಧ್ಯಾಹ್ನ ಮೂರು

ಇನ್ನೂ ಬೆರಳು ನೆಟ್ಟಗೆ ಬಂದಿಲ್ಲ. ಆದರೂ ಬರೆಯಬೇಕು.

ಐದೂವರೆಗೆ ಅವರ ಮನೆ. ಮಾವ ತಲೆಯಿಂದ ಕಾಲವರೆಗೆ ಕಿತ್ತಳೆ ಬಣ್ಣ, ಬಾಗಿಲಲ್ಲಿ ರೆಡಿ. ತಾವೇ ಕೂತರು. ಅತ್ತೆ ಗಡಿಯಾರ ನೋಡಿದರು, ನಮ್ಮನ್ನಲ್ಲ. ಎರಡು ಇಂಚು ಹಿಮ, ಗಾಳಿ ಇಲ್ಲ. ಕರ್ಟ್ ಟ್ರಕ್ಕನ್ನು ಗೇಟಲ್ಲಿ ಬಿಟ್ಟು ನಡೆಯುತ್ತಿದ್ದ. ನಮಗೆ ದಾರಿ ಬಿಡಲು ಪಕ್ಕದ ಹಿಮಕ್ಕೆ ಇಳಿದ. ಮಾವ ಕಿಟಕಿಯಿಂದ ಒಂದು ಬೆರಳು ಎತ್ತಿದರು, ಮೆರವಣಿಗೆಯ ಮಂತ್ರಿಯ ಹಾಗೆ.

ನಾನು ನಲವತ್ತು ಹೆಜ್ಜೆ ಹಿಂದೆ, ಬಕೆಟ್ ಬೋರಲು ಹಾಕಿ ಕೂತೆ. ಏಳು ಐವತ್ತಕ್ಕೆ ಒಂದೇ ಗುಂಡು. ಹೋದೆ. ಮಾವ ಬಂದೂಕು ಖಾಲಿ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೆಣ್ಣು, ಅಂದರು. ಹೆಣ್ಣು ಜಿಂಕೆ ಹೊಡೆಯುವ ಪರವಾನಗಿ ಚೀಟಿ ಅವರ ಜೇಬಲ್ಲಿತ್ತು. ಅರವತ್ತು ಹೆಜ್ಜೆ ಆಚೆ ಬಿದ್ದಿತ್ತು. ಹಿಡಿದು ತಿರುಗಿಸಿದೆ. ಕಿವಿಗಳ ನಡುವೆ ಕೈ ಹೋಯಿತು. ಚರ್ಮದ ಕೆಳಗೆ ಎರಡು ಗುಬುಟು.

ಬಟನ್. ಕೊಂಬು ಇನ್ನೂ ಹೊರಬರದ ಗಂಡು ಮರಿ.

ಕಾನೂನಿಗೆ ತಪ್ಪಿಲ್ಲ, ಅದೇ ಚೀಟಿ ನಡೆಯುತ್ತದೆ. ನಮ್ಮ ಕ್ಯಾಂಪಿಗೆ ತಪ್ಪು. ಕಾಡಿನಲ್ಲಿರುವ ನಮ್ಮ ಬೇಟೆ ಗುಡಿಸಲ ಗೋಡೆಯಲ್ಲಿ ಒಂದು ಹಲಗೆ ಇದೆ. ಬಟನ್ ಹೊಡೆದವನು ತನ್ನ ಹೆಸರು ತಾನೇ ಬರೆಯಬೇಕು, ಸೀಸನ್ ಮುಗಿಯುವವರೆಗೆ ಪಾತ್ರೆ ತೊಳೆಯಬೇಕು. ಗ್ಯಾರಿ ಎರಡು ಸಲ. ಕರ್ಟ್ ಒಂದು ಸಲ. ನಾರ್ಬರ್ಟ್ ಎಲ್ಲೂ ಇಲ್ಲ. ಆ ಹಲಗೆ ಜಡಿದವರೇ ನಾರ್ಬರ್ಟ್. ಒಂಟಿಯಾಗಿ ಮೊದಲು ಬಂದದ್ದಕ್ಕೆ ಹೊಡೆಯಬೇಡ, ಇನ್ನೊಂದು ಬರಲಿ, ಪಕ್ಕದಲ್ಲಿಟ್ಟು ಅಳೆದು ನೋಡು ಎಂದು ನನಗೆ ಹದಿನೈದು ವರ್ಷ ಪಾಠ ಹೇಳಿದವರೂ ಅವರೇ.

ಹೋಗಿ ಹೇಳಿದೆ. ನನ್ನ ಚೀಟಿಯಲ್ಲೇ ತೋರಿಸೋಣ, ನಾನು ಹೊಡೆದೆ ಅಂತ ಹೇಳಿದರಾಯಿತು ಅಂದೆ. ಹಲಗೆಗೆ ನನ್ನ ಕೈ ಪಳಗಿದೆ.

"ನನ್ನ ತಪ್ಪಿಗೆ ನಿನ್ನ ಹೆಸರ? ಬೇಡಪ್ಪಾ." ಕೈಗವಸು ತೆಗೆದರು, ಹಾಕಿಕೊಂಡರು. "ಮೂತಿ ಗಿಡ್ಡ ಇತ್ತು. ಕಂಡಿತ್ತು ನಂಗೆ. ಹತ್ತು ಗಂಟೆಗೆ ಮನೆ ಅಂದಿದ್ದಾಳೆ ಲವೋನ್. ಎರಡನೇದು ಬರೋವರೆಗೂ ಕಾಯೋದಕ್ಕೆ ನನ್ನ ಹತ್ರ ಟೈಮ್ ಎಲ್ಲಿತ್ತು?"

ಜಿಂಕೆಯ ಹೊಟ್ಟೆ ಸೀಳಿ ಶುಚಿ ಮಾಡಿದೆ... ಕನ್ನಡ ಮಾಧ್ಯಮದಲ್ಲಿ ಕಪ್ಪೆ ಕೊಯ್ದ ಕೈ, ನಿಧಾನ. ಜಾರುಬಂಡಿಗೆ ಹಾಕಿ ಎಳೆದು ತಂದು, ಬಂಡಿ ಅಲ್ಲೇ ಬಿಟ್ಟು ಜಿಂಕೆಯನ್ನಷ್ಟೇ ಗಾಡಿಯ ಹಿಂದೆ ತಳ್ಳಿದೆ. ಓರೆ ಇಡುವುದೇ ಬೇಕಾಗಲಿಲ್ಲ. ಗಾಡಿಗೆ ತಕ್ಕ ಜಿಂಕೆ.

ಗುಡಿಸಲಲ್ಲಿ ಕರ್ಟ್ ಕಾಫಿ ಕಾಯಿಸುತ್ತಿದ್ದ. ಹೊರಬಂದು, ಹಿಂಬಾಗಿಲು ಎತ್ತಿ, ಕಿವಿ ನಡುವೆ ಮುಟ್ಟಿ ನೋಡಿದ. ಮಾವ ಕೋಲೂರಿಕೊಂಡು ಒಳಗೆ ಹೋಗಿ, ಬಡಗಿಯ ಪೆನ್ಸಿಲ್ ತೆಗೆದುಕೊಂಡು ಹಲಗೆಯ ಮೇಲೆ ಬರೆದರು. ಪೂರ್ತಿ ಹೆಸರು, ಇಸವಿ. ಕರ್ಟ್ ಹಿಂದೆ ನಿಂತು, ಸಣ್ಣ ದನಿಯಲ್ಲಿ, ಇರಲಿ ಬಿಡಪ್ಪಾ, ಯಾರಿಗಾದರೂ ಆಗುವಂಥದ್ದೇ, ಅಂದ. ಕಾಯಿಲೆಯವರ ಹಾಸಿಗೆ ಪಕ್ಕ ಮಾತಾಡುವ ದನಿ.

ಮಾವ ತಿರುಗಿದರು.

"ಯಾಕೋ? ಗ್ಯಾರಿ ಹೊಡ್ದಾಗ ವಾರಗಟ್ಲೆ ನಕ್ಕಿದ್ದೆ. ನಂಗ್ಯಾಕೆ ನಗ್ತಾ ಇಲ್ಲ? ನಾನೇನು ಸತ್ತಿದ್ದೀನಾ?"

ಕರ್ಟ್ ನನ್ನ ಮುಖ ನೋಡಿದ. ಹಲಗೆ ನೋಡಿದ.

"ಅಲ್ಲಪ್ಪಾ," ಅಂದ ಕೊನೆಗೆ, "ಅದಕ್ಕೆ ಹಾಲು ಬಿಡಿಸಿದ್ರೋ ಇಲ್ವೋ ಅಂತ ಅದರ ತಾಯೀನ ಒಂದು ಮಾತು ಕೇಳಿದ್ಯಾ?"

ಮಾವ ಕೋಲಿನಿಂದ ಅವನ ಬೂಟಿಗೆ ಒಂದು ಬಿಟ್ಟರು. ಮುಖ ಅರಳಿತು. ಮುಂದಿನ ಹತ್ತು ನಿಮಿಷ ಅಪ್ಪನಿಗೆ ಮಗ ಉಳಿಸಿದ ಮಾನವಿಲ್ಲ. ಕನ್ನಡಕದಂಗಡಿಯ ವಿಳಾಸ ಕೂಡ ಕೊಟ್ಟ. ಮಾವ ಎರಡು ಕಪ್ ಕಾಫಿ ಕುಡಿದರು, ತಾವೇ ತೊಳೆದಿಟ್ಟರು. ಶಿಕ್ಷೆ ಶುರು ಎಂದರು.

ತೊಂದರೆ ಆದದ್ದು ಆಮೇಲೆ. ಟ್ರಕ್ಕಿನಲ್ಲಿ ಜಿಂಕೆಗೊಂದು ಹವೆ, ನಮಗೊಂದು ಹವೆ. ಹಿಂದೆ ಅದು ತಣ್ಣಗೆ, ಮುಂದೆ ನಾವು ಬೆಚ್ಚಗೆ. ಈ ಗಾಡಿಯಲ್ಲಿ ಎಲ್ಲರೂ ಒಂದೇ ಕೋಣೆ. ಶುಚಿ ಮಾಡಿದ ಮಾಂಸಕ್ಕೆ ಬಿಸಿ ತಾಗಬಾರದು ಎಂಬುದು ಮಾವನ ನಿಯಮ. ಅರ್ಧ ಗಂಟೆಯಲ್ಲಿ ಏನೂ ಕೆಡುವುದಿಲ್ಲ ಅಂದೆ. ಚೀಸ್ ನೋಡಿಕೊಳ್ಳುವವನಿಗೆ ಮಾಂಸದ ಬಗ್ಗೆ ಏನು ಗೊತ್ತು ಅಂದರು. ಹೀಟರ್ ಬಂದ್. ನಾಲ್ಕೂ ಕಿಟಕಿ ಇಳಿಸಲು ಹೇಳಿದರು. ಹದಿನಾಲ್ಕು ಮೈಲಿ ಹಾಗೇ ಬಂದೆವು. ಕಣ್ಣೀರು ಕೆನ್ನೆಯ ಮೇಲೆ ಗಟ್ಟಿಯಾಗುತ್ತಿತ್ತು.

ಒಂಬತ್ತು ಐವತ್ತೈದಕ್ಕೆ ಅಂಗಳ. ಅತ್ತೆ ಬಾಗಿಲಲ್ಲಿ. ಮಾವ ಬಾಗಿಲು ತೆರೆದರು. ಎಡಗಾಲು ಹೊರಗೆ ಇಟ್ಟರು. ಬಲಗಾಲು ಬರಲಿಲ್ಲ.

"ಗ್ಯಾರಿ," ತುಟಿ ಅಲುಗಿಸದೆ ಅಂದರು, "ಸೊಂಟ ಮರ ಆಗಿದೆ. ಮುಟ್ಬೇಡ ನನ್ನ. ನೋಡ್ತಿದ್ದಾಳೆ."

ಎಡಗಾಲನ್ನು ಒಳಗೆ ತಂದುಕೊಂಡು ಬಾಗಿಲು ಎಳೆದುಕೊಂಡರು. ಕಿಟಕಿ ಏರಿಸಿ ಹೀಟರ್ ಪೂರ್ತಿ ಬಿಟ್ಟೆ. ಇಬ್ಬರೂ ನನ್ನ ಫೋನಿನ ಮೇಲೆ ಬಗ್ಗಿ, ಹೊಡೆದ ಜಿಂಕೆಯನ್ನು ಸರ್ಕಾರಕ್ಕೆ ನೋಂದಾಯಿಸುವ ನಾಟಕ. ಎರಡು ನಿಮಿಷದ ಕೆಲಸ ಎಂದು ಅತ್ತೆಗೂ ಗೊತ್ತು. ನಾಲ್ಕು ನಿಮಿಷ. ಆರು. ಜಿಂಕೆ ಬೆಚ್ಚಗಾಗುತ್ತಿತ್ತು. ಅದರ ಉಣ್ಣೆಹುಳಗಳೂ ಬೆಚ್ಚಗಾಗಿ ತಿರುಗಾಟಕ್ಕೆ ಹೊರಟವು. ಒಂದು ನನ್ನ ತೋಳಿನ ಮೇಲೆ.

ಹಿಂದೆ ಜಿಂಕೆ,
ಮುಂದೆ ಶಂಕೆ.

ಅತ್ತೆ ಮೆಟ್ಟಿಲಿಳಿದು ಬಂದರು. ನಮ್ಮ ಕಿಟಕಿಗೆ ಬರಲಿಲ್ಲ. ನೇರ ಹಿಂದಕ್ಕೆ ಹೋಗಿ ಬಾಗಿಲು ಎತ್ತಿದರು. ಬಗ್ಗಿ, ಕಿವಿಗಳ ನಡುವೆ ಹೆಬ್ಬೆರಳು ಆಡಿಸಿದರು. ಐವತ್ತೈದು ವರ್ಷ ಬೇಟೆಗಾರನ ಜೊತೆ ಬಾಳಿದ ಹೆಬ್ಬೆರಳು.

"ನಾರ್ಬರ್ಟ್, ಇದು ಬಟನ್ ಅಲ್ವಾ? ಊರಿಗೆಲ್ಲ ಪಾಠ ಹೇಳಿದ್ದು ಇದಕ್ಕೇನಾ?"

ಮಾವ ಗರಮ್ಮಾದರು. ಹತ್ತು ಗಂಟೆ ಅಂದವರು ಯಾರು, ನಿನ್ನ ಗಡಿಯಾರಕ್ಕೆ ಜಿಂಕೆ ಬರುತ್ತಾ, ಕೂತು ನೋಡಿದ್ದೀಯಾ ಯಾವತ್ತಾದರೂ... ಮಾತು ಹೊರಬರುತ್ತಿದ್ದ ಹಾಗೆ ಮಾವನೂ ಹೊರಬಂದರು. ಬಾಗಿಲು, ಎಡಗಾಲು, ಬಲಗಾಲು. ಕೋಲು ಸೀಟಲ್ಲೇ ಉಳಿಯಿತು. ಗಾಡಿಯ ಪಕ್ಕ ಹಿಡಿದುಕೊಂಡು ಹಿಂದಿನವರೆಗೆ ನಡೆದು, ಅತ್ತೆಯ ಎದುರು ನಿಂತು ವಾದ ಮುಗಿಸಿದರು. ಮುಗಿಸಿದ ಮೇಲೆ ತಾವು ಎಲ್ಲಿ ನಿಂತಿದ್ದೇವೆಂದು ಅವರಿಗೆ ತಿಳಿಯಿತು.

ಅತ್ತೆ ಕೆಳಗೆ ನೋಡಿದರು. ಎರಡು ಬೂಟು, ಹಿಮದಲ್ಲಿ.

"ಕೋಲು ತಗೊಂಡು ಒಳಗೆ ಬಾ. ಸೂಪ್ ಆರಿಹೋಗತ್ತೆ."

ಬೇಕೆಂದೇ ರೇಗಿಸಿದರೋ, ನಿಜಕ್ಕೂ ರೇಗಿದರೋ... ಕೇಳುವ ಧೈರ್ಯ ನನಗಿಲ್ಲ.

ನವೆಂಬರ್ 27, ಗುರುವಾರ

ಇಲ್ಲಿಯವರ ಸುಗ್ಗಿ ಹಬ್ಬ. ಟರ್ಕಿ ಕೋಳಿ, ಕುಂಬಳಕಾಯಿ ಸಿಹಿ. ಊಟವಾದ ಮೇಲೆ ಪಾತ್ರೆ ತೊಳೆದದ್ದು ಮಾವ. ಹಲಗೆಯ ನಿಯಮ ಮನೆಗೂ ಅನ್ವಯ ಎಂದು ಅತ್ತೆಯ ವ್ಯಾಖ್ಯಾನ.

ಗಾಡಿಯಲ್ಲಿ ಇವತ್ತಿಗೆ ಹನ್ನೊಂದು ಉಣ್ಣೆ ಹುಳ. ಹನ್ನೊಂದನೆಯದು ಜೋಲೀನ್‌ಳ ಕೊರಳಪಟ್ಟಿಯಲ್ಲಿ ಸಿಕ್ಕಿತು. ಎರಡು ದಿನ ಅವಳು ಅಣ್ಣನ ಟ್ರಕ್ಕಿನಲ್ಲೇ ಓಡಾಡಿದಳು.

ಕರ್ಟ್ ಗ್ಯಾರೇಜಿಗೆ ಕರೆದು, ಈ ಗಾಡಿ ಯಾವ ಇಸವಿಯದು, ಪೆಟ್ರೋಲ್ ಎಷ್ಟು ಕುಡಿಯುತ್ತದೆ ಎಂದು ವಿಚಾರಿಸಿದ. ಎಡಮಂಡಿ ಉಜ್ಜಿಕೊಳ್ಳುತ್ತಿದ್ದ. ಯಾರಿಗೆ ಎಂದು ನಾನು ಕೇಳಲಿಲ್ಲ.

ಮಾವನ ಹತ್ತಿರ ಗಂಡಿನ ಚೀಟಿ ಇನ್ನೂ ಇದೆ. ಭಾನುವಾರ ಕೊನೆಯ ದಿನ. ಸಿಹಿ ತಿನ್ನುತ್ತಾ, ಯಾರ ಮುಖವನ್ನೂ ನೋಡದೆ, ಭಾನುವಾರ ಗಾಳಿ ಪಶ್ಚಿಮದಿಂದಂತೆ ಅಂದರು. ನಾವು ಹೊರಡುವಾಗ ಅತ್ತೆ ನನ್ನನ್ನು ನಿಲ್ಲಿಸಿ, ಗಾಡಿಗೆ ಪೆಟ್ರೋಲ್ ಹಾಕಿಸಿದ್ದೀಯಾ ಎಂದು ಕೇಳಿದರು.

ನವೆಂಬರ್ 30, ಭಾನುವಾರ, ಬೆಳಗ್ಗೆ ಐದು ಹತ್ತು

ಅವರ ಅಂಗಳದಲ್ಲಿ, ಸ್ಟಿಯರಿಂಗಿನ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಎಂಜಿನ್ ಓಡುತ್ತಿದೆ. ಬಾಗಿಲಲ್ಲಿ ಇಬ್ಬರೂ. ಅತ್ತೆ ಎರಡು ಬೆರಳು ತೋರಿಸುತ್ತಿದ್ದಾರೆ. ಮಾವ ನಾಲ್ಕು. ಮಧ್ಯಾಹ್ನ ಎಷ್ಟು ಗಂಟೆಗೆ ವಾಪಸ್ಸು ಎಂಬ ಲೆಕ್ಕ. ಮೂರಕ್ಕೆ ಇತ್ಯರ್ಥವಾದೀತು. ಅತ್ತೆಯ ಇನ್ನೊಂದು ಕೈಯಲ್ಲಿ ಬುತ್ತಿ... ಹತ್ತು ಗಂಟೆಗೆ ಮನೆಗೆ ಬರುವವರಿಗೆ ಕಟ್ಟುವಷ್ಟು ಸಣ್ಣದಲ್ಲ.

ಮಾವ ಬಂದರು. ನಾನು ಇಳಿಯುವಂತಿಲ್ಲ. ಬಾಗಿಲು ತೆಗೆದರು. ಬೆನ್ನು ತಿರುಗಿಸಿದರು. ಕೂತರು. ಒಂದು ಕಾಲು ಒಳಗೆ. ಇನ್ನೊಂದೂ ಒಳಗೆ. ಪುಸ್ತಕ ಮುಚ್ಚು ಅನ್ನುತ್ತಿದ್ದಾರೆ.