ಸಿಲ್ವರ್ ಕಲಿಸದೆ ಹೋದ ಉಸ್ತಾದರಿಗೆ

ಉಸ್ತಾದ್, ಸಲಾಂ.

ಒಂದು ಸಲ ನಿಮ್ಮನ್ನು ಕಾಕಾ ಎಂದು ಕರೆದಿದ್ದೆ. "ಕಾಕಾ ಮನ್ಯಾಗ. ಇಲ್ಲಿ ಉಸ್ತಾದ್" ಎಂದಿರಿ. ಅದಕ್ಕೇ ನೀವು ತೀರಿಕೊಂಡು ಐದು ತಿಂಗಳಾದರೂ ಉಸ್ತಾದ್ ಎಂದೇ ಬರೆಯುತ್ತಿದ್ದೇನೆ. ಇಂಡಿ ಕಡೆಯ ನಿಮ್ಮ ಹಳ್ಳಿಯಲ್ಲಿ ನೀವು ನಾಲ್ಕನೆಯ ತರಗತಿ ತನಕ ಕನ್ನಡ ಓದಿದವರು, ಆಂಟಾಪ್ ಹಿಲ್‌ನ ಮುನ್ಸಿಪಾಲ್ಟಿ ಶಾಲೆಯಲ್ಲಿ ನಾನು ಒಂಬತ್ತರ ತನಕ. ಇಬ್ಬರದೂ ಸೇರಿದರೆ ಒಂದು ಪತ್ರಕ್ಕೆ ಸಾಕಾದೀತು.

ಕುರ್ಲಾದ ಗ್ಯಾರೇಜಿಗೆ ಮೊದಲ ಸಲ ಬಂದ ದಿನ ನೆನಪಿದೆಯೇ? ಅಷ್ಟು ಹೊತ್ತಿಗೆ ನಾನು ಶಾಲೆ ಬಿಟ್ಟು, ಬಳೆ ಪ್ಯಾಕಿಂಗ್ ಬಿಟ್ಟು, ಬ್ಯೂಟಿ ಪಾರ್ಲರ್ ಬಿಟ್ಟು, ಹೊಲಿಗೆಯನ್ನೂ ಬಿಟ್ಟಿದ್ದೆ. "ಕುಂಡಿಗಿ ಮುಳ್ಳು ಚುಚ್ಚೈತೇನ ನಿನಗ? ಒಂದ್ ಕಡೆ ಕುಂಡ್ರಂಗಿಲ್ಲ" ಎಂದು ಅವ್ವ ಬೈಯುತ್ತಿದ್ದಳು. ಸ್ಟೇಷನ್ನಿನಿಂದ ಬರುವಾಗ ನಿಮ್ಮ ಪ್ಲಾಸ್ಟಿಕ್ ಪರದೆಯೊಳಗೆ ಬೂದು ಬಾನೆಟ್ಟೊಂದು ನೀವು ಸ್ಪ್ರೇ ಗನ್ ಆಡಿಸಿದಷ್ಟೂ ದೂರ ಕೆಂಪಾಗುತ್ತಾ ಹೋದದ್ದನ್ನು ನೋಡಿದೆ. ಅರ್ಧ ತಾಸು ಅಲ್ಲೇ ನಿಂತೆ. ಗ್ಯಾರೇಜಿನ ಮಾಲೀಕ ಶೇಟ್ ಬಂದವನೇ, ನಾನು ಬಾಯಿ ತೆರೆಯುವ ಮೊದಲೇ "ಪಗಾರ್ ನಹೀ ಮಿಲೇಗಾ" ಎಂದ. ಪಗಾರ ಬೇಡ, ಪೇಂಟಿಂಗ್ ಕಲಿಸಿದರೆ ಸಾಕು, ಹೇಳಿದ ಕೆಲಸ ಮಾಡುತ್ತೇನೆ ಎಂದೆ.

ಆಗ ನೀವು ಮುಖದ ಕರ್ಚೀಫು ಇಳಿಸಿ ಹೊರಗೆ ಬಂದಿರಿ. "ಪುಕ್ಕಟೆ ಬಂದಾವ್ರು ಪುಕ್ಕಟೆನ ಓಡಿ ಹೋಗ್ತಾರ. ನೀ ಎಷ್ಟ್ ದಿನ?"

"ಕಲಿಯೂ ತನಕ."

"ಹಂಗಾರ ಕೇಳು. ಮುಂಜಾನಿಂದ ಊಟದ ತನಕ ನೀ ನನ್ನ ಆಳು. ಊಟ ಆದ ಮ್ಯಾಲ ಒಂದು ತಾಸು ನಾ ನಿನ್ನ ಆಳು. ಒಂದಿನ ನಾ ತಪ್ಪಿಸಿದ್ರ ಬಾಯಿ ಬಿಟ್ಟು ಕೇಳಬೇಕು. ಕೇಳಲಿಲ್ಲಂದ್ರ ಆ ತಾಸು ಹೋತು."

ಆಮೇಲೆ ಒಂದು ವರ್ಷದಲ್ಲಿ ನಾನು ಬಾಯಿ ಬಿಟ್ಟು ಕೇಳಬೇಕಾದದ್ದು ಎರಡೇ ಸಲ. ರಂಜಾನ್ ತಿಂಗಳಲ್ಲಿ, ನೀವು ಉಪವಾಸ ಇದ್ದೀರಿ ಎಂದು ನಾನೇ ಸುಮ್ಮನೆ ಮನೆಗೆ ಹೊರಟಿದ್ದೆ. ಹಿಂದಿನಿಂದ ಕೂಗಿದಿರಿ: "ಯಾಕ, ಇವತ್ತಿನ ತಾಸು ಯಾರಿಗಿ ದಾನ ಮಾಡಿದಿ?" ನಿಜ ಹೇಳಬೇಕೆಂದರೆ ಮೊದಲ ಎರಡು ತಿಂಗಳು ನಿಮ್ಮ ಮೇಲೆ ನನಗೂ ಅನುಮಾನವಿತ್ತು. ಬೆಳಿಗ್ಗೆಯೂ ನೀರು ಹಾಕಿ ತಗಡಿಗೆ ಸ್ಯಾಂಡ್ ಪೇಪರ್ ಉಜ್ಜುವುದು, ನನ್ನ ತಾಸಿನಲ್ಲೂ ಅದೇ. ಬೆರಳ ತುದಿ ಸವೆದು ಆಧಾರ್ ಮಿಷನ್ನಿನಲ್ಲಿ ನನ್ನ ಗುರುತೇ ಸಿಗಲಿಲ್ಲ. "ಮುದುಕ ನಿನ್ನ ಪುಕ್ಕಟೆ ದುಡಿಸ್ಕೊಳ್ಳಾಕತ್ತಾನ" ಎಂದಳು ಅವ್ವ. ನಾನು ಇಲ್ಲ ಎನ್ನಲಿಲ್ಲ. ಕ್ಷಮಿಸಿ.

ಒಂದು ಮಧ್ಯಾಹ್ನ ನೀವು ನನ್ನ ಕಣ್ಣು ಮುಚ್ಚಿಸಿ, ಅಂಗೈಯನ್ನು ಒಂದು ಬಾಗಿಲ ಮೇಲೆ ಆಡಿಸಲು ಹೇಳಿದಿರಿ. "ಎಲ್ಲಿ ತಗ್ಗೈತಿ?" ನಾನು ತೋರಿಸಿದೆ. ಕಣ್ಣಿಗೆ ಕಾಣದ ತಗ್ಗು ಕೈಗೆ ಸಿಕ್ಕಿತ್ತು. ಎರಡು ತಿಂಗಳು ನೀವು ಕಲಿಸುತ್ತಿದ್ದದ್ದು ಅದನ್ನೇ ಎಂದು ಆಗ ತಿಳಿಯಿತು.

ಆ ವಿದ್ಯೆಯಿಂದಲೇ ಎಡವಿದೆನಲ್ಲ! ಮೊದಲ ಸಲ ಗನ್ ಕೈಗೆ ಕೊಟ್ಟ ದಿನ, ಬಿಳಿ ಕಾರಿನ ಬಾಗಿಲು. ಎಲ್ಲ ಒರೆಸಿ ಸ್ವಚ್ಛ ಮಾಡಿದ ಮೇಲೆ ಜಡೆ ಹಿಂದೆ ಹಾಕಿಕೊಂಡು, ಖುಷಿಗೆ ಇನ್ನೊಮ್ಮೆ ಅಂಗೈ ಆಡಿಸಿ ನೋಡಿದೆ. ಬಣ್ಣ ಹೊಡೆದರೆ ಬಾಗಿಲ ತುಂಬಾ ಸಣ್ಣ ಸಣ್ಣ ಕುಳಿ, ಸಿಡುಬು ಎದ್ದ ಹಾಗೆ. ಬಣ್ಣಕ್ಕೆ ಬೆರೆಸಿದ ಥಿನ್ನರ್ ಕೆಟ್ಟದ್ದೆಂದು ಅಂಗಡಿಯವನನ್ನು ಬೈಯಲು ಶೇಟ್ ಫೋನ್ ಎತ್ತಿದ. ನಾನು ಸುಮ್ಮನಿದ್ದರೆ ಆಗುತ್ತಿತ್ತು. "ಶೇಟ್, ಥಿನ್ನರ್ ನಹೀ. ಮೇರೇ ಬಾಲ್ ಕಾ ತೇಲ್" ಎಂದೆ. ಅವ್ವ ದಿನಾ ಬೆಳಿಗ್ಗೆ ನನ್ನ ತಲೆಗೆ ಸುರಿಯುವ ಕೊಬ್ಬರಿ ಎಣ್ಣೆ. ಶೇಟ್ ಕಣ್ಣು ಕೆಂಪು ಮಾಡಿದ, ನೀವು ಕೆಮ್ಮು ಬರುವ ತನಕ ನಕ್ಕಿರಿ. "ನಿಮ್ಮವ್ವಗ ಹೇಳು, ಕಾರಿಗಿ ಎಣ್ಣಿ ಎಂಜಿನ್ನಾಗ ಹಾಕ್ತಾರ." ಆಮೇಲೆ ನನ್ನ ಪಕ್ಕ ಕುಳಿತು ಆ ಬಾಗಿಲನ್ನು ನೀವೂ ಉಜ್ಜಿದಿರಿ.

ಬಿಳಿ, ಕೆಂಪು, ಕರಿ ಎಲ್ಲ ಕಲಿಸಿದಿರಿ. ಸಿಲ್ವರ್ ಮಾತ್ರ ಮುಟ್ಟಗೊಡಲಿಲ್ಲ. "ಸಿಲ್ವರ್ ಡಬ್ಬ್ಯಾಗ ಇರಂಗಿಲ್ಲ, ಕೈಯಾಗ ಇರ್ತೈತಿ. ಮದವಿ ಮುಗಿಸ್ಕೊಂಡು ಎಂಟು ದಿನಕ್ಕ ಬರ್ತೀನಿ, ಆಮ್ಯಾಲ ಸಿಲ್ವರ್" ಎಂದು ತಮ್ಮನ ಮಗಳ ಮದುವೆಗೆ ಊರಿಗೆ ಹೋದಿರಿ. ಆರನೆಯ ದಿನ ಶೇಟ್‌ಗೆ ಫೋನ್ ಬಂತು. ಊಟ ಆಗಿತ್ತು, ನನ್ನ ತಾಸಿನ ಹೊತ್ತು. ಎದೆನೋವು ಎಂದರಂತೆ. ನಿಮ್ಮ ಕೆಮ್ಮು ನನಗೆ ಗೊತ್ತಿತ್ತು. ಗ್ಯಾರೇಜಿನಲ್ಲಿದ್ದ ಒಂದೇ ಒಳ್ಳೆಯ ಮಾಸ್ಕ್ ನನಗೆ ಕೊಟ್ಟು ನೀವು ಒದ್ದೆ ಕರ್ಚೀಫು ಕಟ್ಟಿಕೊಳ್ಳುತ್ತಿದ್ದಿರಿ. ಒಂದು ದಿನವಾದರೂ ನಾನು ಅದನ್ನು ತಿರುಗಿ ನಿಮಗೆ... ಬಾಯಿ ಬಿಟ್ಟು ಕೇಳಬೇಕು ಎಂದಿದ್ದಿರಿ. ಇನ್ನು ಯಾರನ್ನು ಕೇಳಲಿ?

ಹೋದ ತಿಂಗಳು ಒಂದು ಸಿಲ್ವರ್ ಕಾರು ಬಂತು, ಉಸ್ತಾದ್. ಮಲಾಡ್‌ನಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಆಚಾರ್ಯರದು, ಒಂದು ಬಾಗಿಲು ಜಜ್ಜಿಹೋಗಿತ್ತು. ನಿಮ್ಮ ಜಾಗಕ್ಕೆ ಶೇಟ್‌ಗೆ ಇನ್ನೂ ಯಾರೂ ಸಿಕ್ಕಿರಲಿಲ್ಲ. ನಾನು ಮಾಡುತ್ತೇನೆ ಎಂದೆ, ಮಾಡಿದೆ. ಟ್ಯೂಬ್‌ಲೈಟಿನಲ್ಲಿ ಚೆನ್ನಾಗಿಯೇ ಕಂಡಿತು, ಬಿಸಿಲಿಗೆ ತಂದರೆ ಆ ಬಾಗಿಲೊಂದೇ ಕಪ್ಪು. ಶೇಟ್ ಗಿರಾಕಿಯನ್ನು ಸಂಜೆ ಏಳಕ್ಕೆ ಕರೆದ. ಯಾಕೆಂದು ನಿಮಗೆ ಹೇಳಬೇಕಾಗಿಲ್ಲ. ನಾನು ಹೊರಗೆ ಹೋಗಿ ಆಚಾರ್ಯರಿಗೆ ಫೋನ್ ಮಾಡಿ, ಸಂಜೆ ಬೇಡ, ಬೆಳಿಗ್ಗೆ ಬನ್ನಿ ಎಂದೆ.

ಬೆಳಿಗ್ಗೆ ಬಂದರು. "ಇದು ಎಂತ ಮಾರಾಯ್ತಿ, ಬಾಗಿಲು ಬೇರೆ ಕಾರಿನದ್ದಾ?" ಎಂದರು. ಆಮೇಲೆ "ಫೋನ್ ಮಾಡಿದ್ದು ನೀನೇ ಅಲ್ವಾ? ಸೋಮವಾರದವರೆಗೆ ಟೈಮ್ ತಗೋ" ಎಂದು ಕೀ ಬಿಟ್ಟು ಹೋದರು. ಶೇಟ್ ಕೂಗಾಡಲಿಲ್ಲ. "ಸೋಮವಾರ್ ಕೋ ನಹೀ ಹುವಾ, ತೋ ಮಂಗಲ್ ಸೇ ಮತ್ ಆನಾ" ಎಂದ, ಅಷ್ಟೇ. ಆಗದಿದ್ದರೆ ಮಂಗಳವಾರದಿಂದ ಬರಲೇಬೇಡ ಎಂದು.

ಭಾನುವಾರ ಗ್ಯಾರೇಜಿನಲ್ಲಿ ನಾನೊಬ್ಬಳೇ. ಆ ತನಕ ಡಬ್ಬಿಯಲ್ಲಿ ಬಣ್ಣ ಬದಲಾಯಿಸುತ್ತಲೇ ಇದ್ದೆ, ಒಂದು ಹನಿ ಬಿಳಿ, ಒಂದು ಹನಿ ಕರಿ. ಸಾಕಾಗಿ ಹೋಗಿ, ನಾಲ್ಕು ತಗಡಿನ ತುಂಡಿಗೆ ಒಂದೇ ಡಬ್ಬಿಯಿಂದ ಹೊಡೆದೆ. ಒಂದಕ್ಕೆ ಗೇಣು ದೂರದಿಂದ, ಇನ್ನೊಂದಕ್ಕೆ ಮೊಳ ದೂರದಿಂದ, ಒಂದಕ್ಕೆ ಒದ್ದೆಯಾಗುವಷ್ಟು, ಒಂದಕ್ಕೆ ಒಣಒಣವಾಗಿ. ಬಿಸಿಲಿಗೆ ಹಿಡಿದು ನೋಡುತ್ತೇನೆ, ನಾಲ್ಕೂ ಬೇರೆ ಬೇರೆ ಬಣ್ಣ, ಒದ್ದೆಯದೇ ಎಲ್ಲಕ್ಕಿಂತ ಕಪ್ಪು! ತಪ್ಪು ಡಬ್ಬಿಯದಲ್ಲ, ಹತ್ತಿರ ನಿಂತು ಗಡಿಬಿಡಿಯಲ್ಲಿ ಒದ್ದೆ ಮಾಡುವ ನನ್ನ ಕೈಯದು. ನೀವು ಎಂಟು ದಿನ ಬಿಟ್ಟು ಬಂದು ಹೇಳಬೇಕಿದ್ದದ್ದು ಇದೇ ತಾನೆ? ಅಥವಾ ಇನ್ನೂ ಏನಾದರೂ ಇತ್ತೇ? ನಿಮ್ಮ ಹಾಗೆಯೇ ಒಂದು ಹೆಜ್ಜೆ ಹಿಂದೆ ನಿಂತು, ಪಕ್ಕದ ಬಾಗಿಲಿನ ಮೇಲೂ ಸ್ವಲ್ಪ ಸ್ವಲ್ಪ ತೆಳುವಾಗುತ್ತಾ ಹೋಗುವಂತೆ ಹೊಡೆದೆ. ನೀವು ಹಾಗೆ ನಿಲ್ಲುವುದನ್ನು ಒಂದು ವರ್ಷ ನೋಡಿದ್ದೆ. ಕಲಿಯುತ್ತಿದ್ದೇನೆ ಎಂದು ಮಾತ್ರ ಗೊತ್ತಿರಲಿಲ್ಲ.

ಸೋಮವಾರ ಹತ್ತು ಗಂಟೆಯ ಬಿಸಿಲಿಗೆ ಕಾರು ಹೊರಗೆ ನಿಲ್ಲಿಸಿದೆ. ಆಚಾರ್ಯರು ಹೆಂಡತಿಯನ್ನೂ ಕರೆತಂದಿದ್ದರು. ಕಾರಿಗೆ ಪೆಟ್ಟು ಬಿದ್ದಾಗ ಆಕೆ ಊರಲ್ಲಿದ್ದರಂತೆ. ಆಚಾರ್ಯರು ಆ ಬಾಗಿಲ ಮುಂದೆ ನಿಂತು, ಬಗ್ಗಿ ನೋಡಿ, ನನಗೆ ಕಣ್ಣು ಮಿಟುಕಿಸಿದರು. ಆಕೆ ಕಾರಿನ ಸುತ್ತ ಒಂದು ಸುತ್ತು ಬಂದರು, ಎರಡನೆಯ ಸುತ್ತೂ ಬಂದರು. ಕೊನೆಗೆ ನನ್ನನ್ನೇ ಕೇಳಿದರು: "ಯಾವ ಬದಿ ಬಡಿದದ್ದು ಮಗಾ?"

ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವವಳು ನಾನು, ನಿಮಗೆ ಗೊತ್ತು. ಅವತ್ತು ಮಾತ್ರ ಹೇಳಲಿಲ್ಲ ಉಸ್ತಾದ್.

"ನೀವೇ ಹುಡುಕಿ ಅಕ್ಕಾ" ಎಂದೆ.

ಆಕೆ ಮೂರನೆಯ ಸುತ್ತು ಹೊರಟರು.

ನಿಮ್ಮ ಕೈಯಡಿ ಕಲಿತ,
ರೇಣುಕಾ